ರೆಕ್ಕೆಯ ತುದಿ

ಬೈತಖೋಲದ ಧಕ್ಕೆಯಲ್ಲಿ, ಬೆಳಗಿನ ಐದಕ್ಕೆ,
ಕತ್ತರಿ ಹಿಡಿದು ಕೂತವಳನ್ನು ಕಂಡು
ಶೇವಂತಿ ಹರಿಕಂತ್ರ ಕೇಳಿದ್ದಳು:
"ಇಡೀ ಬಂಗಡೆ ಬಿಟ್ಟು ರೆಕ್ಕೆ ತುದಿ ಒಯ್ದು
ಎಂತ ಸಾರು ಮಾಡ್ತೆ ನೀನು?"

ಸಾರಲ್ಲ ಶೇವಂತಕ್ಕ, ಸಂಬಂಧ ಹುಡುಕುತ್ತೇನೆ.
ಮಾಜಾಳಿಯದಕ್ಕೂ ತದಡಿಯದಕ್ಕೂ
ಎಷ್ಟು ತಲೆಮಾರಿನ ಹಿಂದೆ ಒಬ್ಬಳೇ ತಾಯಿ ಎಂದು.

"ಹನ್ನೊಂದು ವರ್ಷ ಬೇಕಾ ಅದ್ಕೆ?"
ಎರಡು ಮೀನು ಎತ್ತಿ ಹಿಡಿದಳು:
"ಇದು ಕೆಸರು ಕಂಡದ್ದು. ಇದು ಕಾಣದ್ದು."

ನನ್ನ ಯಂತ್ರ ಎರಡನ್ನೂ ಒಂದೇ ಎಂದಿತು.
ಇಬ್ಬರೂ ಸರಿ ಎಂದು ಒಪ್ಪಲು
ಇನ್ನೊಂದು ವರ್ಷ ಹಿಡಿಯಿತು.

ಶೀಷೆಗಳಿಗೆ ಪೆನ್ಸಿಲ್ಲಿನ ಸಂಖ್ಯೆ;
ಶಾಯಿಯಾದರೆ ಸ್ಪಿರಿಟ್ಟು ತಿಂದುಬಿಡುತ್ತದೆ.
ಕರೆಂಟು ಹೋದ ಆ ಮೂರು ರಾತ್ರಿ
ಶೇವಂತಿಯದೇ ಐಸು ಹೊತ್ತು ತಂದು ಫ್ರೀಜರಿಗೆ ಸುರಿದೆ.
ಕೆಟ್ಟವು ಎಷ್ಟೆಂದು ಪ್ರಬಂಧದಲ್ಲಿ ಬರೆದೆ,
ಅತ್ತದ್ದು ಬರೆಯಲಿಲ್ಲ.

ಶನಿವಾರ ಮಾಜಾಳಿ ಶಾಲೆ.
ಅರೆದ ಮೀನಿನ ತತ್ತಿ, ಉಪ್ಪು, ಪಾತ್ರೆ ತೊಳೆಯುವ ಸೋಪು,
ಮೇಲೆ ತಣ್ಣನೆಯ ಸ್ಪಿರಿಟ್ಟು
ಲೋಟದ ಗೋಡೆಗುಂಟ ಮೆಲ್ಲ, ಮೆಲ್ಲ.
ಮೂವತ್ತು ಮೂಗು ಒಟ್ಟಿಗೆ ಬಾಗಿದವು.
ಎದ್ದಿತು ಬಿಳಿ ಲೋಳೆಯ ನೂಲು;
ಬಲೆ ಹೆಣೆಯುವ ಕಡ್ಡಿಗೆ ಸುತ್ತಿ ಕೊಟ್ಟೆ.

ಶೇವಂತಿಯ ಮೊಮ್ಮಗ ರೋಹಿದಾಸ
ಮೂಸಿ ನೋಡಿ, ನಿರಾಶನಾಗಿ, ಆಮೇಲೆ:
"ಟೀಚರ್, ಇದನ್ನ ವಾಪಸ್ ನೀರಿಗೆ ಬಿಟ್ರೆ
ಮೀನಾಗ್ತದಾ?"

ಇಲ್ಲ ಎಂದೆ.
ಯಾಕೆ ಎಂದ.
ಊಟದ ಗಂಟೆ ಹೊಡೆಯಿತು, ಯಾರೂ ಏಳಲಿಲ್ಲ.
ನನ್ನಲ್ಲಿದ್ದದ್ದು ಅರ್ಧ ಉತ್ತರ.
ಅಲ್ಲಿಂದಲೇ ಶುರು ಮಾಡಿದೆ,
ಬೆರಳಿಗಂಟಿದ ನೂಲು ಒರೆಸಿಕೊಳ್ಳದೆ.