ಐದನೇ ನಂಬರಿನ ಬೆನ್ನು

ಗೌಸು ಸನದಿ ಹೆಂಗಿದ್ದ ಅಂತ ಕೇಳ್ತೀರಿ.
ಮಾರಿ ನನಗ ಅಷ್ಟು ನೆನಪಿಲ್ಲ.
ಹತ್ತೊಂಬತ್ತು ವರ್ಷ ನಾ ನೋಡಿದ್ದು ಅವನ ಬೆನ್ನು.

ಕೋಟೆಕೆರಿ ಸ್ಪೋರ್ಟಿಂಗಿನ ಹಳದಿ ಅಂಗಿ,
ಅದರ ಮ್ಯಾಲೆ ಐದು.
ಒಗೆದೊಗೆದು ಐದರ ಹೊಟ್ಟಿ ಮೊದಲ ಉದುರಿತು,
ಆಮ್ಯಾಲೆ ಟೊಪಿಗಿ,
ಕಡೀಕ ಉಳಿದದ್ದು ನೆಟ್ಟಗ ಒಂದು ಗೆರಿ.
'ಒಂದನೇ ನಂಬರ್ ಇಬ್ಬರು ಹೆಂಗಪಾ?' ಅಂತ
ರೆಫರಿ ಅವನ್ನೂ ನೋಡಿದ, ನನ್ನೂ ನೋಡಿದ.

ಉದ್ಯಮಬಾಗದ ಫೌಂಡ್ರಿಯೊಳಗ ಅಂವ ಮೋಲ್ಡರ್.
ಕರಿ ಉಸುಕಿನ ಪೆಟಿಗಿಯೊಳಗ ಅಚ್ಚು ಒತ್ತಿ
ಕಾದ ಕಬ್ಬಿಣ ಬರೂತನಕ ಕಾಯೋ ಕೆಲಸ.
ಎರಡಕ್ಕ ಶಿಫ್ಟ್ ಬಿಟ್ಟರ ಮೂರಕ್ಕ ಮೈದಾನ.
ಬೆವತಾಗ ಕುತ್ತಿಗಿ ಹಿಂದಿಂದ ಉಸುಕು ಇಳೀತಿತ್ತು,
ಕರೇ ಕಾಲುವಿ ಹಂಗ.
ಅದು ಎಡಕ್ಕ ಹೊರಳಿದರ ನಾನೂ ಎಡಕ್ಕ.
ಚೆಂಡು ನೋಡಿ ಆಡಿದವ ಅಲ್ಲ ನಾ,
ಕುತ್ತಿಗಿ ನೋಡಿ ಆಡಿದವ.

'ಹುದಲೀ, ನಿಂದು!' ಅಂತಿದ್ದ, ತಿರುಗದ.
'ಹುದಲೀ, ನಂದು!' ಅಂತಿದ್ದ.
ಇಷ್ಟ ನಮ್ಮ ಮಾತು. ಎಲ್ಲಾ ಕೂಡಿಸಿದರೂ
ಒಂದು ಪೋಸ್ಟ್‌ಕಾರ್ಡ್ ತುಂಬಂಗಿಲ್ಲ.

ಕೊಲ್ಲಾಪುರದವರು ಒಮ್ಮೆ ಜೀಪಿನಾಗ ಬಂದಿದ್ದರು,
ತಾಲೀಮಿನ ಮಂದಿ. ಶಾಲು, ಪೇಢೆ, ದಪ್ಪನ್ನ ಲಕೋಟಿ.
ಚಹಾ ಕುಡಿಸಿ ಕಳಿಸಿದ.
ಕ್ಲಬ್ಬಿನ ನಿಷ್ಠಾ ಅಂದರು, ಊರ ಅಭಿಮಾನ ಅಂದರು,
ಪೇಪರಿನಾಗ ಎರಡು ಸಾಲೂ ಬಂತು.
ನಾ ಕೇಳಿದ್ದಕ್ಕ ಅಂದ:
'ಅಲ್ಲಿ ಗೋಲಿ ಎಡಗೈಯವ. ನನಗ ರೂಢಿ ಇಲ್ಲ.'

ಗೋಲು ಹೊಡೆದದ್ದು? ರಜಿಸ್ಟರ್ ನೋಡ್ರಿ.
ಪಂದ್ಯ ಮುನ್ನೂರಾ ಹನ್ನೆರಡು. ಗೋಲು ಒಂದು.
ಅದೂ ನಮ್ಮದ ಜಾಳಿಗಿಯೊಳಗ.

ಸೆಮಿಫೈನಲ್. ಜಿಟಿಜಿಟಿ ಮಳಿ, ಕೆಂಪು ರಾಡಿ,
ಎದುರಿಗೆ ವಾಸ್ಕೋದವರು, ಎಂಬತ್ತೆಂಟನೇ ನಿಮಿಷ.
ಕಾರ್ನರ್ ಎದ್ದು ಬಂತು.
'ಹುದಲೀ, ನಿಂದು!'
ನಂದ ಇತ್ತು. ಎರಡೂ ಕೈಯಾಗ ಕುಂತಿತ್ತು,
ಬೂದಿ ಹಚ್ಚಿ ತೊಳೆದ ಗಿಂಡಿ ಜಾರಿದಂಗ ಜಾರಿತು.
ಅವನ ಮೊಣಕಾಲು ಅಲ್ಲೇ ಇತ್ತು,
ಮುಟ್ಟಿತೋ ಇಲ್ಲೋ, ಚೆಂಡು ಗೆರಿ ದಾಟಿತು.
ರೆಫರಿ ಓಡಿ ಬಂದ, ಯಾರದಿದು ಅಂತ
ರಾಡಿಯೊಳಗ ಬಿದ್ದ ಎರಡು ಮಾರಿ ನೋಡಿದ.
ಗೌಸು ಎದ್ದ, ಕೈ ಎತ್ತಿದ,
ಸಾಲಿಯೊಳಗ ಹಾಜರಿ ಹೇಳಿದಂಗ.

ನಾ ಏನೂ ಅನಲಿಲ್ಲ.
ಆ ವಾರ ಹುಬ್ಬಳ್ಳಿಯೊಳಗ ನನ್ನ ರೈಲ್ವೆ ಟ್ರಯಲ್ ಇತ್ತು.
ಸೇಂಗಾ ಸಿಪ್ಪಿ, ಬೈಗುಳ, ಒಂದು ಚಪ್ಪಲಿ
ಅವನ ಮ್ಯಾಲೆ ಬಿದ್ದವು.
ಚಪ್ಪಲಿ ಎತ್ತಿ ಕಟ್ಟಿ ಮ್ಯಾಲೆ ಇಟ್ಟ,
ಕಳಕೊಂಡವ ಬರಿಗಾಲಿಲೆ ಹೋಗಬಾರದು ಅಂತ.

ನೌಕರಿ ಆತು. ಬೆಳಗಾವಿ ಸ್ಟೇಶನ್ನಿನ ಪಾರ್ಸಲ್ ಕಿಡಕಿ.
ರವಿವಾರ ಆಡಾಕ ಬಿಡತಿದ್ದರು.
ಮುಂದ ಅದೇ ಬೆನ್ನು.

ಕಡೀ ಪಂದ್ಯದಾಗ ಎಪ್ಪತ್ತನೇ ನಿಮಿಷಕ್ಕ ಮೊಣಕಾಲು ಕೈಕೊಟ್ಟಿತು.
ಅವನ ಜಾಗಕ್ಕ ಬಂದ ಹುಡುಗ ಎತ್ತರ, ಚುರುಕು,
ಕುತ್ತಿಗಿ ಸ್ವಚ್ಛ.
ನನಗ ಏನೂ ಓದಾಕ ಬರಲಿಲ್ಲ.
ಇಪ್ಪತ್ತು ನಿಮಿಷದಾಗ ಮೂರು ಬಿಟ್ಟೆ.

ಈಗ ನಾ ಸೆಕ್ರೆಟರಿ. ಟ್ರಂಕಿನ ಕೀಲಿ ನನ್ನ ಕಡೆ.
ಮೊನ್ನೆ ಸಂಜೀಕ ಆ ಹಾಳಿ ತಗದೆ:
'ಗೌ. ಸನದಿ, ಸ್ವಂತ ಗೋಲು, ೮೮.'
ಪೆನ್ನು ಹಿಡಿದೆ. ಬಾಂಕಿನ ಮ್ಯಾಲೆ ಕುಂತಿದ್ದ,
ಕಾಲು ಚಾಚಿ, ಸುಪಾರಿ ಅಗೀತಾ.
'ಇರಲಿ ಬಿಡೊ ಹುದಲೀ,' ಅಂದ,
'ನನ್ನ ಹೆಸರಿನ ಮುಂದ ಅದೊಂದ ಐತಿ.
ಅದನ್ನೂ ಒಯ್ದರ
ನಾ ಆಡಿದ್ದಕ್ಕ ಸಾಕ್ಷಿ ಏನು?'

ನಕ್ಕನೋ ಏನೋ. ದೀಪ ಕಡಿಮಿ ಇತ್ತು.
ಗೋಡಿ ಹಿಡಿದು ಎದ್ದು, ಕುಂಟಿಕೋತ ಬಾಗಿಲ ಕಡೆ ನಡೆದ.
ಆಗ ಗುರುತು ಹತ್ತಿತು.