ಹನ್ನೊಂದು ವರ್ಷದ ಉತ್ತರ

ಬ್ಯಾಲರಟ್ಟಿನಲ್ಲಿ ಮನೆ ತೋರಿಸುವಾಗ ಏಜೆಂಟು
ಟೈ ಸರಿಮಾಡಿಕೊಂಡು ಹೇಳಿದ್ದ:
'ಬೆಲೆ ಹೆಚ್ಚು ನಿಜ. ಆದರೆ ಹಿತ್ತಿಲು ಉತ್ತರಕ್ಕಿದೆ.'
ಗಂಡನ ಕಿವಿಯಲ್ಲಿ ನಕ್ಕೆ:
ನೋಡಿದೆಯಾ, ಇವರಿಗೂ ವಾಸ್ತುವಿನ ಹುಚ್ಚು!
ಎದುರು ಸಾಲಿನಲ್ಲಿ
ಹಿತ್ತಿಲು ದಕ್ಷಿಣಕ್ಕಿದ್ದ ಅಗ್ಗದ ಮನೆ ಕೊಂಡೆವು.
ಎಂಟು ಸಾವಿರ ಡಾಲರು ಉಳಿಯಿತೆಂದು
ಅವತ್ತು ಶ್ಯಾವಿಗೆ ಪಾಯಸ.

ನಾನು ಭೂಗೋಳದ ಮೇಷ್ಟ್ರ ಮಗಳು.
ಗದಗಿನ ಮನೆಯ ಕಪಾಟಿನ ಮೇಲೆ ತಗಡಿನ ಗೋಳ;
ಅದರ ಬುಡದಲ್ಲಿ ತುಕ್ಕು ಹಿಡಿದ ಜಾಗದ ಹೆಸರು
ಆಸ್ಟ್ರೇಲಿಯಾ.
ಅಯನ, ಅಕ್ಷಾಂಶ, ಎರಡೂ ಸಂಕ್ರಾಂತಿವೃತ್ತ
ಬಾಯಿಪಾಠ. ಹತ್ತಕ್ಕೆ ಹತ್ತು.
ಆದರೆ ಬಿಸಿಲು ಎತ್ತಲದು ಎಂಬುದನ್ನು
ನಾನು ಕಲಿತದ್ದು ಬೆಕ್ಕಿನಿಂದ:
ಚಳಿಗಾಲದಲ್ಲಿ ದಕ್ಷಿಣದ ಕಿಟಕಿಯ ಬಿಸಿಲು
ಒರಳಿನವರೆಗೆ ಬರುತ್ತಿತ್ತು,
ಬೆಕ್ಕು ಅಲ್ಲಿ ಮಲಗುತ್ತಿತ್ತು.
ಅಷ್ಟೇ ನನ್ನ ಖಗೋಳ.

ಇಲ್ಲಿ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ.
ಕೂದಲೆಳೆ ತಪ್ಪಿದರೂ ಊರಿನ ಅಜ್ಜಂದಿರು
ದವಡೆ ಹಿಡಿದುಕೊಂಡು ವಾಪಸು ಬರುತ್ತಾರೆ.
ಅಷ್ಟು ಅಳತೆಯ ಕೈ.
ಆ ಕೈಯೇ ಕರಿಬೇವಿನ ಕುಂಡವನ್ನು
ದಕ್ಷಿಣದ ಗೋಡೆಗೆ ಆನಿಸಿ ಇಟ್ಟಿತು.
ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಹತ್ತಿರಕ್ಕೇ ಏರುವುದರಿಂದ
ಮೋಸ ಗೊತ್ತಾಗುತ್ತಿರಲಿಲ್ಲ.
ಜುಲೈ ಬಂತೆಂದರೆ ಗಿಡ ಕಪ್ಪಾಗಿ ಕೂತುಬಿಡುತ್ತಿತ್ತು.
ಏಳು ಗಿಡ ಸತ್ತವು. ಮಣ್ಣನ್ನು ಬೈದೆ,
ಮಂಜನ್ನು ಬೈದೆ, ದೃಷ್ಟಿ ತೆಗೆದೆ.
ಸಂಡಿಗೆ ಒಣಗದೆ ಮುಗ್ಗಲು ವಾಸನೆ ಬಂದಾಗ
ಇಲ್ಲಿನ ಅಕ್ಕಿಯೇ ಸರಿಯಿಲ್ಲ ಎಂದೆ.
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಅವಳ ಪರವಾಗಿ ಒಂದು ಮಾತು:
ನೆಲ ನಿಜವಾಗಿಯೂ ಡೊಂಕು. ದುಂಡಗಿದೆ.

ಪಕ್ಕದ ಮನೆಯ ಮರ್ವ್ ಟ್ರೆಗೆನ್ಝಾನ ಬೆಕ್ಕು
ನನ್ನ ಹಿತ್ತಿಲಲ್ಲಿ ಒಂದು ದಿನವೂ ಮಲಗಲಿಲ್ಲ.
ಇಂಗಿನ ವಾಸನೆಗೆ ಇರಬೇಕು ಎಂದುಕೊಂಡೆ.

ಎಂಟನೆಯ ಕುಂಡ ಇಡುತ್ತಿದ್ದ ದಿನ
ಮರ್ವ್ ಬೇಲಿಯ ಮೇಲೆ ಮೊಣಕೈ ಊರಿ
ಮೆಲ್ಲಗೆ, ಸಾವಿನ ಸುದ್ದಿ ಹೇಳುವವನಂತೆ:
'ಆ ಗೋಡೆಗೆ ಸೂರ್ಯ ಬರುವುದಿಲ್ಲವಲ್ಲ ನೀಲಾ.
ನಮ್ಮಲ್ಲಿ ಅವನು ಉತ್ತರದವನು.'

ಹನ್ನೊಂದು ವರ್ಷ ಸುಮ್ಮನೆ ನೋಡುತ್ತಿದ್ದೆಯಾ?
'ನಿಮ್ಮ ಕಡೆ ಹಿಮದಲ್ಲಿ ಬೆಳೆಸುವ ರೀತಿಯೇನೋ ಅಂದುಕೊಂಡೆ.'
ಯಾವ ಹಿಮ?
'ಕೆನಡಾದ್ದು. ನಿನ್ನ ಭಾಷೆ ಅದೇ ಅಂತ
ಮೊದಲ ದಿನ ನೀನೇ ಹೇಳಿದ್ದೆಯಲ್ಲ.'

ಗದಗಿನ ಬಿಸಿಲೆಲ್ಲ ಒಮ್ಮೆಗೇ ಮುಖಕ್ಕೆ ಬಂತು.
ಪ್ರತಿ ಕ್ರಿಸ್ಮಸ್ಸಿಗೆ ಅವನು ತಂದುಕೊಡುತ್ತಿದ್ದ
ಎಲೆಯಾಕಾರದ ಬಾಟಲಿಯ ಮೇಪಲ್ ಪಾಕ!
ಅದು ಈ ದೇಶದ ಹಬ್ಬದ ಪದ್ಧತಿ ಎಂದು ನಂಬಿ
ನಾನೂ ವರ್ಷ ವರ್ಷ ಲ್ಯಾಬಿನವರಿಗೆಲ್ಲ
ಅದನ್ನೇ ಕೊಂಡು ಹಂಚಿದ್ದೆ.
ಅವರು ಒಳ್ಳೆಯವರು. ಏನೂ ಕೇಳಲಿಲ್ಲ.
ಈಗೆರಡು ವರ್ಷದಿಂದ
ತಾವೂ ಒಬ್ಬರಿಗೊಬ್ಬರು ಕೊಡತೊಡಗಿದ್ದಾರೆ.

ರಾತ್ರಿ ಗಂಡನಿಗೆ ಹೇಳಿದೆ. ನಗಲಿಲ್ಲ.
ಎದ್ದು ಹೋಗಿ, ಫೋನಿನ ದಿಕ್ಸೂಚಿ ಹಿಡಿದು
ಹಿತ್ತಿಲಲ್ಲಿ ಒಂದು ಸುತ್ತು ತಿರುಗಿ ಬಂದು
'ಎಂಟು ಸಾವಿರ' ಎಂದಷ್ಟೇ ಹೇಳಿ ಮಲಗಿದ.
ಅಪ್ಪ ಈಗ ಇಲ್ಲ.
ಇದ್ದಿದ್ದರೆ ಮೇಣದಬತ್ತಿ ಹಚ್ಚಿ
ನಿಂಬೆಹಣ್ಣು ತಿರುಗಿಸಿ ತೋರಿಸುತ್ತಿದ್ದ,
ಎಂದಿನಂತೆ ನಾನು ಹೂಂ ಎನ್ನುತ್ತಿದ್ದೆ.
ನಿಂಬೆಹಣ್ಣು ಗೊತ್ತಿತ್ತು ನನಗೆ;
ಕುಂಡ ಎಲ್ಲಿಡಬೇಕೆಂಬುದು ಬೇರೆ.

ಈಗ ಕರಿಬೇವು ಮುಂಬಾಗಿಲ ಬಳಿ.
ಒಂದೊಂದೇ ಚಿಗುರು.
ಬೆಕ್ಕು ಬಂದು ಕುಂಡಕ್ಕೆ ಬೆನ್ನು ಕೊಟ್ಟು ಮಲಗುತ್ತದೆ,
ಇಂಗಿನ ವಾಸನೆ ಹಾಗೇ ಇದೆ.
ಈ ಡಿಸೆಂಬರಿನಲ್ಲೂ ಮರ್ವ್ ಬಾಟಲಿ ತಂದ,
ಬಾಗಿಲಲ್ಲಿ ನಿಂತು ನಾಚಿಕೊಂಡ.
ದೋಸೆ ಹುಯ್ದೆ. ಮೇಲೆ ಪಾಕ ಸುರಿದು
ಇಬ್ಬರೂ ತಿಂದೆವು.

ಹಿತ್ತಿಲ ಗೋಡೆಯ ಬುಡದಲ್ಲಿ
ಕುಂಡವಿದ್ದ ಜಾಗ ದುಂಡಗೆ ಉಳಿದಿದೆ, ಸುತ್ತ ಪಾಚಿ.
ಎಷ್ಟು ತಿಕ್ಕಿದರೂ ಹೋಗಲಿಲ್ಲ.
ಇರಲಿ, ನಾಲ್ಕು ದಿನ ಬಿಸಿಲು ಬಿದ್ದರೆ
ಒಣಗೀತು ಎಂದುಕೊಂಡೆ.
ಬ್ರಶ್ಶು ತೊಳೆಯುವಾಗ
ನೆನಪಾಯಿತು.