ಮನಸ್ಪತಿ

ಶಿರಾಳಕೊಪ್ಪದ ಸರ್ಕಾರಿ ಹೈಸ್ಕೂಲು, ಒಂಬತ್ತನೇ ಬಿ,
ಕಿರುಪರೀಕ್ಷೆ, ಜೀವಶಾಸ್ತ್ರ.
ನಾಜ್ನೀನಳ ಉತ್ತರಪತ್ರಿಕೆಯಲ್ಲಿ ಹನ್ನೊಂದು ಕಡೆ
‘ಮನಸ್ಪತಿ’.
ಬರೆದುಕೊಟ್ಟವಳು ಎಂಟನೇ ಕ್ಲಾಸಿನ ಹುಡುಗಿ,
ಇವಳು ಹೇಳಿದ್ದನ್ನು ಹೇಳಿದ ಹಾಗೆ.
ಹನ್ನೊಂದಕ್ಕೂ ಕೆಂಪು ಸುತ್ತು ಹಾಕಿ
ಎರಡೂವರೆ ಅಂಕ ಕಳೆದು ಮಲಗಿದೆ.

ಮರುದಿನ ಕರೆದು ಕೇಳಿದರೆ
‘ನಿಮ್ಮ ಪಾಠ ಹಾಗೇ ಹೇಳೋದು ಸಾರ್’
ಅಂತ ಫೋನು ಚಾಚಿದಳು.
ಕಿವಿಗಿಟ್ಟುಕೊಂಡೆ. ಹೌದು.
ಬಸ್‌ಸ್ಟ್ಯಾಂಡಿನ ಮೈಕಿನ ಹೆಂಗಸಿನ ದನಿ,
ಎಲ್ಲೂ ಉಸಿರು ತಗೊಳ್ಳದೆ:
‘ಮನಸ್ಪತಿಗಳು ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತಮೆ.’

ಸ್ಕ್ಯಾನು ಮಾಡಿದ್ದು ನಾನೇ,
ಬಂದ ಅಕ್ಷರ ತಿರುಗಿ ನೋಡದೆ ಕಳಿಸಿದ್ದೂ ನಾನೇ.
ವ-ಗೆ ಬಾಲ ಬಂದರೆ ಮ,
ಪ-ದ ಹೊಟ್ಟೆಯಲ್ಲಿ ಗೀರು ಬಿದ್ದರೆ ಷ,
ಅರ್ಕಾವತ್ತು ಒಂಬತ್ತಾಗುತ್ತದೆ,
ಒತ್ತಕ್ಷರಗಳು ದಾರಿಯಲ್ಲೇ ಇಳಿದುಹೋಗುತ್ತವೆ.

‘ಆದರೂ ನಿಂಗೆ ವನಸ್ಪತಿ ಗೊತ್ತಿಲ್ವೇನೆ?’
‘ಅದು ಡಾಲ್ಡಾ ಅಲ್ವಾ ಸಾರ್.’
ಸ್ವಲ್ಪ ತಡೆದು:
‘ಮುಟ್ಟಿದರೆ ಮುನಿ ಮುನಿಸಿಕೊಳ್ಳತ್ತಲ್ಲ,
ಗ್ರೌಂಡಿನ ಅಂಚಲ್ಲಿ ನಾನೇ ಮುಟ್ಟಿದೀನಿ.
ಮನಸ್ಸಿಲ್ದೆ ಮುನಿಯೋದು ಹೇಗೆ?
ಸರಿಯಾಗೇ ಇದೆ ಅಂದ್ಕೊಂಡೆ.’

ಸಂಜೆ ಸ್ಟಾಫ್‌ರೂಮಿನಲ್ಲಿ ಉಳಿದು
ಎಂಟು ಪುಟ ತಿದ್ದಿದೆ, ಕಿವಿಯಿಂದ.
ಚಿತ್ರ ಬಂದಲ್ಲಿ ದನಿ ‘ಚಿತ್ರ’ ಅಂದು ಮುಂದೆ ಹೋಗುತ್ತಿತ್ತು.
ಅಲ್ಲಿ ‘ಎಲೆಯ ಚಿತ್ರ’ ಎಂದು ಸೇರಿಸಿದೆ.
‘ಯಾವ ಎಲೆ ಸಾರ್?’
ಪುಸ್ತಕ ತೆರೆದೆ. ಹದಿನಾಲ್ಕು ವರ್ಷ ಪಾಠ ಮಾಡಿದ ಪುಟ,
ಯಾವ ಎಲೆಯೆಂದು ನಾನೂ ನೋಡಿರಲಿಲ್ಲ.

ಈಗ ಅಲ್ಲಿ ಹೀಗಿದೆ:
ಹಲಸಿನೆಲೆ. ನಿಮ್ಮ ಅಂಗೈಗಿಂತ ಎರಡು ಬೆರಳು ಉದ್ದ.
ಕಡುಬಿಗೆ ಕೊಟ್ಟೆ ಚುಚ್ಚುವುದು ಇದರಲ್ಲೇ.
ಮೇಲೆ ನುಣುಪು, ಅಡಿಗೆ ಒರಟು.
ನಡುವಿನ ನರ ಹಿಡಿದು ಹೋದರೆ ತುದಿ ಸಿಗುತ್ತದೆ.

ಚೌಡೇಶನಿಗೆ ಕಣ್ಣಿದೆ, ಸಾಲು ನಿಲ್ಲುವುದಿಲ್ಲ;
ಓದಲು ಎಬ್ಬಿಸಿದರೆ ಬೆವರುತ್ತಿದ್ದ.
ಅವನೂ ಈಗ ಇಯರ್‌ಫೋನು ಒಂದೇ ಕಿವಿಗೆ ಸಿಕ್ಕಿಸಿಕೊಂಡು
ಬೆರಳಿಟ್ಟು ಪುಟದ ಮೇಲೆ ನಡೆಯುತ್ತಾನೆ,
ದನಿ ಮುಂದೆ ಓಡಿದರೆ
‘ನಿಲ್ಲೇ ಮಾರಾಯ್ತಿ’ ಅನ್ನುತ್ತಾನೆ.

ಎರಡೂವರೆ ಅಂಕ ವಾಪಸು ಕೊಟ್ಟೆ.
ತಿದ್ದಿದ್ದಕ್ಕೆ ಕಾರಣ ಬರೆದು ಸಹಿ ಹಾಕಬೇಕು,
ರಿಜಿಸ್ಟರಿನಲ್ಲಿ ಆ ಕಾಲಮ್ಮು ಬೆರಳಗಲ.
‘ದೃಷ್ಟಿದೋಷ’ ಎಂದು ಬರೆದೆ.
ಹೆಡ್‌ಮೇಡಂ ಕನ್ನಡಕದ ಮೇಲಿಂದ ನೋಡಿ
‘ಯಾರದು?’ ಅಂದರು.